ಕಾರ್ಡಿನ ಬೆನ್ನಿನ ಮೂರು ಅಂಕಿಗಳು

ರಕ್ತದೊತ್ತಡ, ಮಧುಮೇಹ, ಹೃದ್ರೋಗಗಳನ್ನು ಕುರಿತು ತಜ್ಞ ವೈದ್ಯರು ಬರೆಯುವ ಸ್ಮರಣ ಸಂಚಿಕೆಯಲ್ಲಿ ಬ್ಯಾಂಕಿನ ವ್ಯವಹಾರಕ್ಕೆ ಸಂಬಂಧಿಸಿದ ಲೇಖನಕ್ಕೆ ಎಡೆಯೆಲ್ಲಿ ಎಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದುದೇ. ಆದರೆ ಜೀವಮಾನದ ಉಳಿತಾಯವನ್ನು ಒಂದು ಮಧ್ಯಾಹ್ನದಲ್ಲಿ ಕಳೆದುಕೊಂಡವರ ನಿದ್ರೆ ಎತ್ತ ಹೋಗುತ್ತದೆ, ಊಟ ಹೇಗೆ ರುಚಿಸದಾಗುತ್ತದೆ, ಮನೆಮಂದಿಯ ಮುಖ ನೋಡುವುದಕ್ಕೂ ಅವರು ಹೇಗೆ ಸಂಕೋಚಪಡುತ್ತಾರೆ ಎಂಬುದನ್ನು ಬ್ಯಾಂಕಿನ ಮೇಜಿನ ಈಚೆ ಕುಳಿತು ಕಂಡವರಿಗೆ, ಹಣದ ಸುರಕ್ಷತೆಯೂ ಆರೋಗ್ಯದ ಒಂದು ಅಂಗವೆಂದು ಬೇರೆ ಹೇಳಬೇಕಾಗಿಲ್ಲ. ರೋಗ ಬಂದ ಮೇಲಿನ ಚಿಕಿತ್ಸೆಗಿಂತ ರೋಗ ಬಾರದಂತೆ ನೋಡಿಕೊಳ್ಳುವುದು ಲೇಸೆಂಬ ವೈದ್ಯರ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಇಂದು ರೈಲಿನ ಟಿಕೆಟ್ಟು, ವಿಮೆಯ ಕಂತು, ಮಕ್ಕಳ ಕಾಲೇಜಿನ ಶುಲ್ಕ, ತಿಂಗಳ ಔಷಧಿ, ಊರಿನ ದೇವಸ್ಥಾನದ ಸೇವೆಯ ಕಾಣಿಕೆ ಇವೆಲ್ಲವನ್ನೂ ನಾವು ಮನೆಯಲ್ಲಿ ಕುಳಿತೇ ಸಲ್ಲಿಸುತ್ತೇವೆ. ಯುಪಿಐ ಬಂದ ಮೇಲೆ ಸಣ್ಣಪುಟ್ಟ ಪಾವತಿಗಳು ಆ ದಾರಿಯನ್ನು ಹಿಡಿದಿವೆಯಾದರೂ, ದೊಡ್ಡ ಮೊತ್ತದ ಖರೀದಿಗೆ, ಕಂತಿನ ವ್ಯವಹಾರಕ್ಕೆ, ಹೊರದೇಶದ ವ್ಯಾಪಾರಿಗೆ ಹಣ ಕೊಡುವುದಕ್ಕೆ ಕಾರ್ಡೇ ಬೇಕಾಗುತ್ತದೆ. ಅಂತಹ ಪ್ರತಿಯೊಂದು ಸಂದರ್ಭದಲ್ಲಿಯೂ ಕಾರ್ಡಿನ ಹಿಂಬದಿಯಲ್ಲಿರುವ ಮೂರು ಅಂಕಿಗಳನ್ನು ನಮೂದಿಸಿರೆಂಬ ಸೂಚನೆ ಬರುತ್ತದೆ. ಸಿವಿವಿ, ಸಿವಿಸಿ ಎಂದು ಮುಂತಾಗಿ ಕರೆಯುವ ಈ ಭದ್ರತಾ ಸಂಕೇತ ನಮ್ಮನ್ನು ಎಷ್ಟರಮಟ್ಟಿಗೆ ಕಾಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ವಿಚಾರ ಮಾಡುವುದೇ ಪ್ರಕೃತ ಲೇಖನದ ಉದ್ದೇಶ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಮೇಲು. ಈ ಮೂರು ಅಂಕಿಗಳು ಒಳ್ಳೆಯ ಕಾವಲುಗಾರ. ಆದರೆ ಒಬ್ಬನೇ ನಿಂತು ಮನೆ ಕಾಯಬಲ್ಲ ಕಾವಲುಗಾರನಲ್ಲ. ಅದನ್ನು ಮನಗಂಡೇ ನಮ್ಮ ರಿಸರ್ವ್ ಬ್ಯಾಂಕು ಎರಡನೆಯ ಬೀಗವನ್ನು ಕಡ್ಡಾಯ ಮಾಡಿತು. ಹೀಗಾಗಿ ಕಳ್ಳರು ಬೀಗ ಒಡೆಯುವುದನ್ನು ಬಿಟ್ಟು ಕೀಲಿಕೈಯನ್ನು ನಮ್ಮಿಂದಲೇ ಕೇಳಿ ಪಡೆಯತೊಡಗಿದ್ದಾರೆ. ಈ ಹಂತದಲ್ಲಿ ಬೇಕಾಗಿರುವುದು ಮತ್ತಷ್ಟು ಅಂಕಿಗಳಲ್ಲ. ಖಾತೆದಾರನು ಓದಿ ತಿಳಿಯಬಲ್ಲ ಭಾಷೆಯ ಎಚ್ಚರಿಕೆ, ಮತ್ತು ಮೋಸಹೋದವನು ನಾಚಿಕೆಯಿಲ್ಲದೆ ಒಡನೆ ಬಂದು ಹೇಳಿಕೊಳ್ಳಬಲ್ಲ ವಾತಾವರಣ.

ಸಹಿಯ ಕಾಲದಿಂದ ಸಂಖ್ಯೆಯ ಕಾಲಕ್ಕೆ

ಬ್ಯಾಂಕೆಂಬುದು ನಂಬಿಕೆಯ ಮೇಲೆ ನಡೆಯುವ ಸಂಸ್ಥೆ. ಆ ನಂಬಿಕೆ ಒಂದು ಕಾಲಕ್ಕೆ ಮುಖಪರಿಚಯದ್ದಾಗಿತ್ತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ಣಾಟಕ ಈ ಐದು ಬ್ಯಾಂಕುಗಳಿಗೆ ಜನ್ಮ ನೀಡಿದ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಸಂಸ್ಥೆ 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯಲ್ಲಿ ಏಜೆಂಟನು ದಿನದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯಷ್ಟು ಚಿಕ್ಕ ಮೊತ್ತವನ್ನೂ ಪಡೆದು ಬರೆದುಕೊಂಡು ಹೋಗುತ್ತಿದ್ದನು. ಅವನ ಮುಖವೇ ಅವನ ಗುರುತಿನ ಚೀಟಿ. ಚೆಕ್ಕಿನ ವ್ಯವಹಾರದಲ್ಲಿ ಮುಖದ ಸ್ಥಾನಕ್ಕೆ ಸಹಿ ಬಂದಿತು. ಗುಮಾಸ್ತೆಯು ಮಾದರಿ ಸಹಿಯನ್ನು ತೆಗೆದು ಹೋಲಿಸಿ ನೋಡಿದ ಹೊರತು ಹಣ ಕೈಸೇರುತ್ತಿರಲಿಲ್ಲ.

ಕಾರ್ಡು ಬಂದ ಮೊದಲ ದಿನಗಳಲ್ಲಿಯೂ ಸಹಿಗೆ ಬೆಲೆಯಿತ್ತು. ಅಂಗಡಿಯವನು ಕಾರ್ಡನ್ನು ಕೈಯಲ್ಲಿ ಹಿಡಿದು, ಕಾರ್ಬನ್ ಹಾಳೆಯುಳ್ಳ ಚೀಟಿಯ ಕೆಳಗಿಟ್ಟು ಉರುಳೆಯನ್ನು ಎಳೆದರೆ ಉಬ್ಬಿದ ಅಂಕಿಗಳು ಚೀಟಿಯ ಮೇಲೆ ಮೂಡುತ್ತಿದ್ದವು. ಗಿರಾಕಿ ಸಹಿ ಹಾಕುತ್ತಿದ್ದನು; ಅಂಗಡಿಯವನು ಕಾರ್ಡಿನ ಬೆನ್ನಿನ ಸಹಿಯೊಡನೆ ತಾಳೆ ನೋಡುತ್ತಿದ್ದನು. ದೂರವಾಣಿಯ ಮೂಲಕ, ಅಂಚೆಯ ಮೂಲಕ, ಆಮೇಲೆ ಇಂಟರ್‌ನೆಟ್ ಮೂಲಕ ವ್ಯಾಪಾರ ಬೆಳೆದಂತೆ ಕಾರ್ಡೂ ಕಾಣದು, ಮುಖವೂ ಕಾಣದು, ಸಹಿಯೂ ಇಲ್ಲ ಎಂಬ ಸ್ಥಿತಿ ಒದಗಿತು. ಅಂಕಿಗಳನ್ನು ಹೇಳಿದವನೇ ಕಾರ್ಡಿನ ಒಡೆಯ. ಕಸದ ಬುಟ್ಟಿಗೆ ಎಸೆದ ಕಾರ್ಬನ್ ಹಾಳೆಯನ್ನು ಹೆಕ್ಕಿಕೊಂಡವನೂ ಹಾಗೆಯೇ ಒಡೆಯನಾಗಬಹುದಾಗಿತ್ತು.

ಕಾರ್ಡಿನ ಸಂಖ್ಯೆ ತಾನಾಗಿಯೇ ರಹಸ್ಯವೇನೂ ಅಲ್ಲ. ಅದರ ಮೊದಲಿನ ಅಂಕಿಗಳು ಕಾರ್ಡು ಕೊಟ್ಟ ಬ್ಯಾಂಕನ್ನು ಸೂಚಿಸುತ್ತವೆ. ಕಡೆಯ ಅಂಕಿ ತಾಳೆ ನೋಡುವ ಅಂಕಿ. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ ಎಂಬವರು 1954ರಲ್ಲಿ ಅರ್ಜಿ ಸಲ್ಲಿಸಿ 1960ರಲ್ಲಿ ಪೇಟೆಂಟ್ ಪಡೆದ ಒಂದು ಸುಲಭ ಲೆಕ್ಕದ ಪ್ರಕಾರ ಅದನ್ನು ಗೊತ್ತುಮಾಡುತ್ತಾರೆ. ಬಲಗಡೆಯಿಂದ ಒಂದು ಬಿಟ್ಟು ಒಂದು ಅಂಕಿಯನ್ನು ಇಮ್ಮಡಿಗೊಳಿಸಿ, ಎರಡಂಕಿಯ ಉತ್ತರ ಬಂದಲ್ಲಿ ಅವುಗಳನ್ನು ಕೂಡಿಸಿ, ಎಲ್ಲದರ ಮೊತ್ತ ಹತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಸಂಖ್ಯೆ ಸರಿ. ಇದು ಬೆರಳು ತಪ್ಪಿ ಒತ್ತಿದ್ದನ್ನು ಹಿಡಿಯಲು ಹುಟ್ಟಿದ ಉಪಾಯವೇ ಹೊರತು ಕಳ್ಳನನ್ನು ಹಿಡಿಯಲು ಅಲ್ಲ. ಈ ಲೆಕ್ಕ ಬಲ್ಲ ಯಾರೇ ಆಗಲಿ ಸರಿಯಾಗಿ ತೋರುವ ಸಂಖ್ಯೆಗಳನ್ನು ಬೇಕಾದಷ್ಟು ಹೊಸೆಯಬಹುದು.

ಸಂಕೇತ ಹುಟ್ಟುವ ಬಗೆ

ಈ ಕೊರತೆಯನ್ನು ತುಂಬುವುದಕ್ಕಾಗಿ 1990ರ ದಶಕದ ಉತ್ತರಾರ್ಧದಿಂದ ಬಳಕೆಗೆ ಬಂದದ್ದು ಕಾರ್ಡಿನ ಮೇಲೆ ಮುದ್ರಿಸುವ ಭದ್ರತಾ ಸಂಕೇತ. ಹೆಚ್ಚಿನ ಕಾರ್ಡುಗಳಲ್ಲಿ ಅದು ಹಿಂಬದಿಯ ಮೂರು ಅಂಕಿ. ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಿನಲ್ಲಿ ಮುಂಬದಿಯ ನಾಲ್ಕು ಅಂಕಿ. ಇದನ್ನು ಉಬ್ಬಿಸದೆ ಚಪ್ಪಟೆಯಾಗಿ ಅಚ್ಚುಹಾಕಿದುದರಿಂದ ಕಾರ್ಬನ್ ಚೀಟಿಯ ಮೇಲೆ ಅದು ಮೂಡುತ್ತಿರಲಿಲ್ಲ. ಕಾಂತಪಟ್ಟಿಯಲ್ಲಿಯೂ ಅದನ್ನು ಬರೆಯುವುದಿಲ್ಲ; ಪಟ್ಟಿಯಲ್ಲಿರುವ ಸಂಕೇತವೇ ಬೇರೆ, ಚಿಪ್ಪಿನಲ್ಲಿರುವುದೂ ಬೇರೆ. ಆದುದರಿಂದ ಯಂತ್ರದಲ್ಲಿ ಪಟ್ಟಿಯನ್ನು ಗುಟ್ಟಾಗಿ ನಕಲು ಮಾಡಿಕೊಂಡವನಿಗೂ ಹಿಂಬದಿಯ ಮೂರು ಅಂಕಿ ದೊರೆಯುವುದಿಲ್ಲ. ಈ ಕಾರ್ಡು ತನ್ನ ಕಣ್ಣೆದುರಿಗೆ ಇದೆಯೆಂದು ದೂರದಲ್ಲಿರುವ ಗಿರಾಕಿ ತೋರಿಸಿಕೊಡುವುದಕ್ಕೆ ಇದೊಂದು ಸಾಕ್ಷಿ.

ಈ ಅಂಕಿಗಳನ್ನು ಯಾರೂ ಮನಬಂದಂತೆ ಆರಿಸುವುದಿಲ್ಲ. ಕಾರ್ಡಿನ ಸಂಖ್ಯೆ, ಅವಧಿ ಮುಗಿಯುವ ತಿಂಗಳು ಮತ್ತು ವರ್ಷ, ಒಂದು ಸೇವಾ ಸಂಕೇತ ಇವುಗಳನ್ನು ಬ್ಯಾಂಕಿನ ಗುಪ್ತ ಕೀಲಿಗಳ ಸಹಾಯದಿಂದ ಗೂಢಲಿಪಿಗೆ ತಿರುಗಿಸಿ, ಬಂದ ಉತ್ತರದಿಂದ ಮೂರು ಅಂಕಿಗಳನ್ನು ತೆಗೆಯುತ್ತಾರೆ. ಆ ಕೀಲಿಗಳು ಮುದ್ರೆಯೊತ್ತಿದ ವಿಶೇಷ ಯಂತ್ರದೊಳಗೆ ಇರುತ್ತವೆ. ಶಾಖೆಯ ಮ್ಯಾನೇಜರರಿಗೂ ಅವು ಕಾಣವು. ಕಾರ್ಡು ನವೀಕರಣವಾದಾಗ ಸಂಖ್ಯೆ ಅದೇ ಉಳಿದರೂ ಅವಧಿ ಬದಲಾಗುವುದರಿಂದ ಸಂಕೇತವೂ ಬದಲಾಗುತ್ತದೆ. ನಾವು ಅಂಕಿಗಳನ್ನು ನಮೂದಿಸಿದಾಗ ಬ್ಯಾಂಕಿನ ಯಂತ್ರ ಅದೇ ಲೆಕ್ಕವನ್ನು ಪುನಃ ಮಾಡಿ ತಾಳೆ ನೋಡುತ್ತದೆ.

ಇದರಿಂದ ಹೊರಡುವ ಒಂದು ತೀರ್ಮಾನವನ್ನು ಪ್ರತಿಯೊಬ್ಬ ಖಾತೆದಾರನೂ ನೆನಪಿನಲ್ಲಿಡಬೇಕು. ಬ್ಯಾಂಕಿಗೆ ಬೇಕಾದಾಗ ಈ ಸಂಕೇತವನ್ನು ತಾನೇ ಲೆಕ್ಕಹಾಕಿಕೊಳ್ಳುವ ಶಕ್ತಿಯಿದೆ. ಹೀಗಿರುವಾಗ ಅದನ್ನು ಗಿರಾಕಿಯ ಬಾಯಿಂದ ಕೇಳಿ ತಿಳಿಯುವ ಅಗತ್ಯ ಬ್ಯಾಂಕಿಗೆ ಎಂದಿಗೂ ಬರುವುದಿಲ್ಲ. ದೂರವಾಣಿಯಲ್ಲಿ ಯಾರಾದರೂ ಅದನ್ನು ಕೇಳಿದರೆ ಕೇಳುತ್ತಿರುವವನು ಬ್ಯಾಂಕಿನವನಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಈ ಸಂಕೇತದ ಬಲವೆಲ್ಲ ನಿಂತಿರುವುದು ಒಂದು ನಿಯಮದ ಮೇಲೆ. ಕಾರ್ಡು ಸಂಸ್ಥೆಗಳು ಕೂಡಿ 2004ರಲ್ಲಿ ಪ್ರಕಟಿಸಿದ ಪಿಸಿಐ ಎಂಬ ಭದ್ರತಾ ಮಾನದಂಡದ ಪ್ರಕಾರ, ಪಾವತಿಗೆ ಒಪ್ಪಿಗೆ ದೊರೆತ ಮೇಲೆ ಯಾವ ವ್ಯಾಪಾರಿಯೂ ಈ ಅಂಕಿಗಳನ್ನು ತನ್ನ ದಾಖಲೆಯಲ್ಲಿ ಉಳಿಸಿಕೊಳ್ಳಕೂಡದು. ಗೂಢಲಿಪಿಯಲ್ಲಿ ಬರೆದಿಟ್ಟರೂ ತಪ್ಪೇ. ವ್ಯಾಪಾರಿಯ ದಾಖಲೆಗಳು ಕಳವಾದರೂ ಮೂರು ಅಂಕಿಗಳು ಅದರಲ್ಲಿ ಇರಬಾರದೆಂಬುದೇ ಇದರ ಆಶಯ.

ಕಾವಲಿನ ಮಿತಿ

ಆಶಯ ಒಳ್ಳೆಯದಾದರೂ ಅನುಭವ ಬೇರೆ ಪಾಠವನ್ನೂ ಕಲಿಸಿದೆ. 2018ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಬ್ರಿಟಿಷ್ ಏರ್‌ವೇಸ್ ವಿಮಾನ ಸಂಸ್ಥೆಯ ಜಾಲತಾಣದೊಳಗೆ ವಂಚಕರು ಕೆಲವೇ ಸಾಲುಗಳ ದುಷ್ಟ ಆದೇಶವನ್ನು ಸೇರಿಸಿದರು. ಗಿರಾಕಿಗಳು ಅಂಕಿಗಳನ್ನು ಬರೆಯುತ್ತಿದ್ದಂತೆಯೇ ಅವುಗಳ ಪ್ರತಿ ಕಳ್ಳರ ಕೈಸೇರುತ್ತಿತ್ತು. ಸುಮಾರು 2 ಲಕ್ಷ 44 ಸಾವಿರ ಮಂದಿಯ ಹೆಸರು, ವಿಳಾಸ, ಕಾರ್ಡಿನ ಸಂಖ್ಯೆ, ಸಂಕೇತ ಎಲ್ಲವೂ ಹೀಗೆ ಸೋರಿಹೋಗಿರಬಹುದೆಂದು ತನಿಖೆ ನಡೆಸಿದ ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ತಿಳಿಸಿತು. 2020ರ ಅಕ್ಟೋಬರಿನಲ್ಲಿ 2 ಕೋಟಿ ಪೌಂಡು ದಂಡ ವಿಧಿಸಿತು. ಪೆಟ್ಟಿಗೆಯಲ್ಲಿಡದ ಒಡವೆಯನ್ನು ಪೆಟ್ಟಿಗೆಯಿಂದ ಕದಿಯಲಾಗದು, ನಿಜ. ಆದರೆ ಕೈಯಿಂದ ಕೈಗೆ ದಾಟಿಸುವಾಗ ಕಸಿಯಬಹುದಷ್ಟೆ!

ಎರಡನೆಯ ಮಿತಿ ಅಂಕಿಗಳು ಮೂರೇ ಎಂಬುದು. ಮೂರು ಅಂಕಿಗಳಿಂದ ಆಗುವ ಸಂಖ್ಯೆಗಳು ಒಂದು ಸಾವಿರ ಮಾತ್ರ. ಒಂದೇ ಅಂಗಡಿಯಲ್ಲಿ ಸಾವಿರ ಬಾರಿ ಊಹಿಸುತ್ತ ಕುಳಿತರೆ ಯಾರಾದರೂ ತಡೆಯುತ್ತಾರೆ. ಆದರೆ ನ್ಯೂಕ್ಯಾಸಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2016ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಊಹೆಗಳನ್ನು ನೂರಾರು ಜಾಲತಾಣಗಳಲ್ಲಿ ಹಂಚಿಬಿಟ್ಟರೆ ಯಾವ ಒಂದು ಅಂಗಡಿಗೂ ಅನುಮಾನ ಬರುವುದಿಲ್ಲವೆಂದು ತೋರಿಸಿದರು. ಅವಧಿಯ ತಿಂಗಳನ್ನು ಊಹಿಸಲು ಹೆಚ್ಚೆಂದರೆ 60 ಯತ್ನ, ಸಂಕೇತಕ್ಕೆ ಹೆಚ್ಚೆಂದರೆ 1000 ಯತ್ನ; ಯಂತ್ರಕ್ಕೆ ಇದು ಆರು ಸೆಕೆಂಡುಗಳಷ್ಟು ಅಲ್ಪ ಕಾಲದ ಕೆಲಸ. ಮಾಸ್ಟರ್‌ಕಾರ್ಡ್ ಜಾಲ ಇಂತಹ ಹಂಚಿದ ಯತ್ನಗಳನ್ನು ಗುರುತಿಸಿ ತಡೆಯಿತು. ವೀಸಾ ಜಾಲ ಆಗ ತಡೆಯಲಿಲ್ಲ.

ಮೂರನೆಯ ಮಿತಿ ಎಲ್ಲಕ್ಕಿಂತ ಸರಳವಾದುದು. ರಹಸ್ಯವಾಗಿರಬೇಕಾದ ಸಂಕೇತ ಕಾರ್ಡಿನ ಮೇಲೆಯೇ ಅಚ್ಚಾಗಿದೆ. ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಬಾಗಿಲ ಮೊಳೆಗೇ ತೂಗುಹಾಕಿದಂತೆ. ಕಾರ್ಡು ಅರೆಗಳಿಗೆ ಯಾರ ಕೈಯಲ್ಲಿದ್ದರೂ, ಅದರ ಎರಡೂ ಬದಿಯ ಚಿತ್ರ ಯಾರ ಮೊಬೈಲಿನಲ್ಲಿದ್ದರೂ ರಹಸ್ಯ ಮುಗಿಯಿತು. ಬೆಂಗಳೂರಿನಲ್ಲಿರುವ ಮಗನು ಟಿಕೆಟ್ಟು ಕಾಯ್ದಿರಿಸಲಿ ಎಂದು ಡೊಂಬಿವಿಲಿಯ ತಂದೆ ಕಾರ್ಡಿನ ಮುಂದು ಹಿಂದುಗಳ ಚಿತ್ರವನ್ನು ವಾಟ್ಸಾಪಿನಲ್ಲಿ ಕಳುಹಿಸುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ. ಮಗನ ಮೇಲೆ ಅಪನಂಬಿಕೆ ಬೇಡ. ಆದರೆ ಆ ಚಿತ್ರ ಎರಡು ಮೊಬೈಲುಗಳಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ, ಮೊಬೈಲು ಕಳೆಯುತ್ತದೆ, ದುರಸ್ತಿಗೆ ಹೋಗುತ್ತದೆ, ಹಳೆಯದಾಗಿ ಮಾರಾಟವಾಗುತ್ತದೆ ಎಂಬುದನ್ನು ಮರೆಯಲಾಗದು.

ಎರಡನೆಯ ಬೀಗ

ಈ ಮಿತಿಗಳನ್ನು ನಮ್ಮ ದೇಶ ಬೇಗನೆ ಗುರುತಿಸಿತೆಂಬುದು ಅಭಿಮಾನದ ವಿಷಯ. ರಿಸರ್ವ್ ಬ್ಯಾಂಕು 2009ರ ಫೆಬ್ರವರಿ 18ರಂದು ಹೊರಡಿಸಿದ ಸುತ್ತೋಲೆಯಲ್ಲಿ, ಕಾರ್ಡು ಎದುರಿಗಿಲ್ಲದೆ ನಡೆಯುವ ಆನ್‌ಲೈನ್ ವ್ಯವಹಾರಗಳಿಗೆ ಕಾರ್ಡಿನ ಮೇಲೆ ಕಾಣಿಸದ ಮಾಹಿತಿಯನ್ನು ಆಧರಿಸಿದ ಇನ್ನೊಂದು ದೃಢೀಕರಣ ಇರಲೇಬೇಕೆಂದು ವಿಧಿಸಿತು. ಅದು ಅದೇ ವರ್ಷದ ಆಗಸ್ಟ್ 1ರಿಂದ ಜಾರಿಗೆ ಬಂದಿತು. "ಕಾರ್ಡಿನ ಮೇಲೆ ಕಾಣಿಸದ" ಎಂಬ ಮಾತಿನಲ್ಲಿಯೇ ಮೂರು ಅಂಕಿಗಳ ಮೇಲೆ ಮಾತ್ರ ಭಾರ ಹಾಕಕೂಡದೆಂಬ ವಿವೇಕ ಅಡಗಿದೆ. ಮೊದಲು ಗುಪ್ತಪದ, ಆಮೇಲೆ ಒಂದೇ ಬಾರಿಗೆ ಬಳಸಬಹುದಾದ ಒಟಿಪಿ ಈ ಎರಡನೆಯ ಬೀಗವಾಯಿತು. ಯೂರೋಪಿನ ದೇಶಗಳಲ್ಲಿ ಇಂತಹ ಎರಡು ಹಂತದ ದೃಢೀಕರಣದ ವಿಧಿ ಜಾರಿಗೆ ಬಂದದ್ದು 2019ರ ಸೆಪ್ಟೆಂಬರಿನಲ್ಲಿ, ನಮಗಿಂತ ಹತ್ತು ವರ್ಷ ತಡವಾಗಿ.

ಇದರಿಂದ ವ್ಯಾಪಾರಕ್ಕೆ ಅಡ್ಡಿಯಾಗುತ್ತದೆ, ಸಂದೇಶ ಬರುವಷ್ಟರಲ್ಲಿ ಗಿರಾಕಿ ಬೇಸತ್ತು ಹೋಗುತ್ತಾನೆ ಎಂಬ ಆಕ್ಷೇಪ ಆಗಲೂ ಇತ್ತು, ಈಗಲೂ ಇದೆ. ಪಾವತಿಯನ್ನು ಹೊರದೇಶದ ಮೂಲಕ ಸುತ್ತುಹಾಕಿಸಿ ಈ ವಿಧಿಯನ್ನು ತಪ್ಪಿಸಿಕೊಳ್ಳುತ್ತಿದ್ದ ಕೆಲವು ಉದ್ಯಮಗಳಿಗೆ 2014ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕು ತಡೆ ಹಾಕಬೇಕಾಯಿತು. ಅಡ್ಡಿಯೆಂಬ ವಾದವನ್ನು ನಾನು ಒಪ್ಪಲಾರೆ. ಚೆಕ್ಕಿನ ಸಹಿಯನ್ನು ತಾಳೆ ನೋಡುವುದಕ್ಕೂ ಸಮಯ ಹಿಡಿಯುತ್ತಿತ್ತು. ಆ ಎರಡು ನಿಮಿಷವನ್ನು ಯಾವ ಪ್ರಾಮಾಣಿಕ ಖಾತೆದಾರನೂ ದೂರಲಿಲ್ಲ.

ಇನ್ನೊಂದು ಒಳ್ಳೆಯ ಕ್ರಮವೆಂದರೆ 2022ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಟೋಕನ್ ಪದ್ಧತಿ. ಅದರಂತೆ ನಮ್ಮ ದೇಶದ ವ್ಯಾಪಾರಿಗಳು ಕಾರ್ಡಿನ ನಿಜಸಂಖ್ಯೆಯನ್ನು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಆ ಅಂಗಡಿಗೆ ಮಾತ್ರ ಸಲ್ಲುವ ಬದಲಿ ಸಂಖ್ಯೆಯನ್ನಷ್ಟೇ ಇಡಬಹುದು. ಹೀಗೆ ಒಮ್ಮೆ ನೋಂದಾಯಿಸಿದ ಕಾರ್ಡಿಗೆ ಮೂರು ಅಂಕಿಗಳನ್ನು ಮತ್ತೆ ಕೇಳದೆ ಒಟಿಪಿಯನ್ನು ಮಾತ್ರ ಕೇಳುವ ರೂಢಿ 2023ರಿಂದೀಚೆಗೆ ಬಂದಿದೆ. ಅಂಗಡಿಯು ಅಂಕಿಗಳನ್ನು ಕೇಳಲಿಲ್ಲವಲ್ಲ ಎಂದು ಗಾಬರಿಪಟ್ಟು ವಿಚಾರಿಸುವ ಹಿರಿಯರಿದ್ದಾರೆ, ಅವರು ಗಾಬರಿಪಡಬೇಕಾಗಿಲ್ಲ. ಆದರೆ ಅಲ್ಲಿ ಭಾರವೆಲ್ಲ ಈಗ ಒಟಿಪಿಯೊಂದರ ಮೇಲೆ ಬಿದ್ದಿದೆಯೆಂಬುದನ್ನು ತಿಳಿದಿರಬೇಕು.

ತೆರೆದಿರುವ ಕಿಂಡಿಯೊಂದು ಉಂಟು. ಹೊರದೇಶದ ಅನೇಕ ವ್ಯಾಪಾರಿಗಳು ಒಟಿಪಿಯನ್ನು ಕೇಳುವುದಿಲ್ಲ. ಕೆಲವರು ಮೂರು ಅಂಕಿಗಳನ್ನೂ ಕೇಳುವುದಿಲ್ಲ. ಮಧ್ಯರಾತ್ರಿಯಲ್ಲಿ ಡಾಲರಿನ ಲೆಕ್ಕದಲ್ಲಿ ಹಣ ಹೋಯಿತೆಂದು ಬರುವ ದೂರುಗಳ ಮೂಲ ಇದೇ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರ್ 25ರಂದು ಹೊರಡಿಸಿದ ನಿರ್ದೇಶನಗಳಲ್ಲಿ, ವಿದೇಶಿ ವ್ಯಾಪಾರಿ ದೃಢೀಕರಣವನ್ನು ಕೋರಿದಾಗ ಅದನ್ನು ನಡೆಸಿಕೊಡುವ ವ್ಯವಸ್ಥೆಯನ್ನು ಬ್ಯಾಂಕುಗಳು 2026ರ ಅಕ್ಟೋಬರ್ 1ರೊಳಗೆ ಮಾಡಬೇಕೆಂದು ಗೊತ್ತುಪಡಿಸಿದೆ. ನಿರ್ದೇಶನಗಳನ್ನು ಪಾಲಿಸದ ವ್ಯವಹಾರದಿಂದ ನಷ್ಟವಾದರೆ ಕಾರ್ಡು ನೀಡಿದ ಸಂಸ್ಥೆಯೇ ಪೂರ್ಣವಾಗಿ ತುಂಬಿಕೊಡಬೇಕೆಂದೂ ಹೇಳಿದೆ. ಇದು ಸ್ವಾಗತಾರ್ಹ. ಆದರೆ ವ್ಯಾಪಾರಿ ಕೋರಿದರೆ ಮಾತ್ರ ಎಂಬಲ್ಲಿ ಕಿಂಡಿ ಅರ್ಧ ಮಾತ್ರ ಮುಚ್ಚಿದಂತಾಯಿತು. ಕಾವಲು ಬೇಡವೆಂದ ವ್ಯಾಪಾರಿಯೇ ಕಳವಿನ ನಷ್ಟವನ್ನು ಹೊರಬೇಕು. ಆಗ ಅವನಿಗೆ ಕಾವಲಿನ ಬೆಲೆ ತಾನಾಗಿ ತಿಳಿಯುತ್ತದೆ ಎಂಬುದು ನನ್ನ ಮತ.

ಅಲ್ಲಿಯವರೆಗೆ ಕಿಂಡಿಯನ್ನು ಮುಚ್ಚುವ ಉಪಾಯ ನಮ್ಮ ಕೈಯಲ್ಲಿಯೇ ಇದೆ. ರಿಸರ್ವ್ ಬ್ಯಾಂಕಿನ 2020ರ ಜನವರಿಯ ಸುತ್ತೋಲೆಯ ಫಲವಾಗಿ, ಆನ್‌ಲೈನ್ ಬಳಕೆ, ವಿದೇಶಿ ಬಳಕೆ, ತಾಗಿಸಿ ಪಾವತಿಸುವ ಬಳಕೆ ಇವುಗಳನ್ನು ಖಾತೆದಾರನು ತನಗೆ ಬೇಕಾದಾಗ ತೆರೆದು ಬೇಡವಾದಾಗ ಮುಚ್ಚಬಹುದು. ಮೊತ್ತಕ್ಕೆ ಮಿತಿಯನ್ನೂ ಹಾಕಬಹುದು. ರಾತ್ರಿ ಮಲಗುವ ಮುನ್ನ ಅಡಿಗೆ ಅನಿಲದ ಕೀಲಿಯನ್ನು ತಿರುಗಿಸುವ ಗೃಹಿಣಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ವಿದೇಶಿ ಖರೀದಿಯ ಅಗತ್ಯವಿಲ್ಲದವರು ಆ ಬಾಗಿಲನ್ನು ಇಂದೇ ಮುಚ್ಚಿಬಿಡುವುದು ಲೇಸು.

ಕಿವಿಯ ದಾರಿ

ಎರಡು ಬೀಗಗಳು ಬಿದ್ದ ಮೇಲೆ ಕಳ್ಳನು ಕಿವಿಯ ದಾರಿಯನ್ನು ಹಿಡಿದಿದ್ದಾನೆ. "ನಿಮ್ಮ ಕಾರ್ಡು ಇಂದು ಸಂಜೆಗೆ ನಿಂತುಹೋಗುತ್ತದೆ", "ನಿಮಗೆ ಬಹುಮಾನದ ಅಂಕಗಳು ಬಂದಿವೆ", "ಕೆವೈಸಿ ಬಾಕಿಯಿದೆ" ಎಂದು ದೂರವಾಣಿ ಬರುತ್ತದೆ. ಮೊದಲು ಭಯ ಅಥವಾ ಆಸೆ, ಆಮೇಲೆ ಅವಸರ, ಕೊನೆಗೆ ಅಂಕಿಗಳು. ಈ ಕ್ರಮ ತಪ್ಪುವುದಿಲ್ಲ. ಅತಿವಿನಯಂ ಧೂರ್ತಲಕ್ಷಣಂ ಎಂಬ ಹಿರಿಯರ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯದು. ಈಚೆಗೆ ಆಸ್ಪತ್ರೆಗಳ ಹೆಸರಿನಲ್ಲಿಯೂ ಈ ವಂಚನೆ ನಡೆಯುತ್ತಿದೆ. ತಜ್ಞರ ಭೇಟಿಗಾಗಿ ಇಂಟರ್‌ನೆಟ್ಟಿನಲ್ಲಿ ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಹುಡುಕಿದರೆ ವಂಚಕನ ಸಂಖ್ಯೆ ಎದುರಾಗಬಹುದು; ಅವನು ನೋಂದಣಿಗೆಂದು ಹತ್ತು ರೂಪಾಯಿಯನ್ನಷ್ಟೇ ಕೇಳುತ್ತಾನೆ, ಅದಕ್ಕಾಗಿ ಕಳುಹಿಸಿದ ಪುಟದಲ್ಲಿ ಕಾರ್ಡಿನ ಅಂಕಿಗಳನ್ನೆಲ್ಲ ಬರೆಸಿಕೊಳ್ಳುತ್ತಾನೆ. ಮನೆಯಲ್ಲಿ ಕಾಯಿಲೆಯವರಿರುವಾಗ ಹತ್ತು ರೂಪಾಯಿಗೆ ಹಿಂದೆ ಮುಂದೆ ನೋಡುವವರಾರು? ಸಂಖ್ಯೆಯನ್ನು ಆಸ್ಪತ್ರೆಯ ಹಳೆಯ ಚೀಟಿಯಿಂದ ಅಥವಾ ಕುಟುಂಬದ ವೈದ್ಯರಿಂದ ಪಡೆಯುವುದೇ ಕ್ಷೇಮ.

ಹೊರನಾಡಿನ ಕನ್ನಡಿಗರಾದ ನಮಗೆ ಇದರಲ್ಲಿ ವಿಶೇಷವಾದ ಅಪಾಯವಿದೆ. ಪರಸ್ಥಳದಲ್ಲಿ ಕನ್ನಡದ ದನಿಯೊಂದು ಕಿವಿಗೆ ಬಿದ್ದರೆ ನಮ್ಮ ಮನಸ್ಸು ತಾನಾಗಿ ಕರಗುತ್ತದೆ. ಊರು ಯಾವುದು, ಮನೆತನ ಯಾವುದು ಎಂದು ವಿಚಾರಿಸುವಷ್ಟರಲ್ಲಿ ಅವರು ನಮ್ಮವರೇ ಆಗಿಬಿಡುತ್ತಾರೆ. ನಮ್ಮ ಸಂಘಗಳು ಹುಟ್ಟಿದ್ದೇ ಈ ಗುಣದಿಂದ. ಅದೇ ಗುಣವನ್ನು ವಂಚಕನು ಬಂಡವಾಳ ಮಾಡಿಕೊಳ್ಳುತ್ತಾನೆ. ಅವನು "ನಮಸ್ಕಾರ ಸಾರ್, ನಾನು ಉಡುಪಿ ಕಡೆಯವನು" ಎಂದು ಕನ್ನಡದಲ್ಲಿ ಮಾತು ತೆಗೆಯುವುದುಂಟು. ಆದರೆ ಅದೇ ಗಳಿಗೆಯಲ್ಲಿ ಬ್ಯಾಂಕಿನಿಂದ ಬರುವ ಒಟಿಪಿಯ ಸಂದೇಶ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಎಷ್ಟು ಹಣ, ಯಾರಿಗೆ, ಯಾರಿಗೂ ಹೇಳಬೇಡಿರಿ ಎಂಬ ವಿವರವೆಲ್ಲ ಅದರಲ್ಲಿ ಇದ್ದೇ ಇದೆ. ಆದರೆ ನಲವತ್ತು ವರ್ಷ ಹೋಟೆಲಿನ ಗಲ್ಲದ ಮೇಲೆ ಕುಳಿತು ಮರಾಠಿ, ಹಿಂದಿ, ಗುಜರಾತಿಗಳಲ್ಲಿ ವ್ಯವಹಾರ ನಡೆಸಿದ ಹಿರಿಯರಿಗೆ ಆ ಇಂಗ್ಲಿಷ್ ಸಂದೇಶದಲ್ಲಿ ಕಾಣಿಸುವುದು ಆರು ಅಂಕಿಗಳು ಮಾತ್ರ. ಕಳ್ಳನು ನಮ್ಮ ಭಾಷೆಯಲ್ಲಿ ಕೇಳುತ್ತಾನೆ. ಬ್ಯಾಂಕು ಪರಭಾಷೆಯಲ್ಲಿ ಎಚ್ಚರಿಸುತ್ತದೆ.

ಇದನ್ನು ಸರಿಪಡಿಸುವುದು ಕಷ್ಟದ ಕೆಲಸವಲ್ಲ. ಖಾತೆ ತೆರೆಯುವಾಗಲೇ ಯಾವ ಭಾಷೆಯಲ್ಲಿ ಸಂದೇಶ ಬೇಕೆಂದು ಕೇಳಿ ಬರೆದುಕೊಳ್ಳಬಹುದು. ಮುಂಬಯಿಯ ಶಾಖೆಯಲ್ಲಿ ಖಾತೆಯಿರುವ ಕನ್ನಡಿಗನಿಗೆ ಕನ್ನಡದಲ್ಲಿ, ಬೆಂಗಳೂರಿನಲ್ಲಿರುವ ಮರಾಠಿಗನಿಗೆ ಮರಾಠಿಯಲ್ಲಿ ಕಳುಹಿಸಬಹುದು. ಸಂದೇಶದಲ್ಲಿ ಮೊದಲು ಮೊತ್ತ, ಆಮೇಲೆ ಹಣ ಪಡೆಯುವವನ ಹೆಸರು, ಎಲ್ಲಕ್ಕಿಂತ ಕೊನೆಗೆ ಅಂಕಿಗಳು ಬರುವಂತೆ ಮಾಡಬೇಕು. "49,000 ರೂಪಾಯಿ ನಿಮ್ಮ ಖಾತೆಯಿಂದ ಹೋಗಲಿದೆ" ಎಂಬ ಮಾತನ್ನು ಓದಿದವನ ನಾಲಿಗೆ ಅಲ್ಲಿಯೇ ತಡೆಯುತ್ತದೆ. ಜೊತೆಗೆ, ಅಂಕಿಗಳನ್ನು ಮುದ್ರಿಸದ ಕಾರ್ಡುಗಳನ್ನು ಕೆಲವು ಸಂಸ್ಥೆಗಳು ಈಗಾಗಲೇ ನೀಡುತ್ತಿವೆ. ಕೇಳಿದ ಎಲ್ಲ ಗಿರಾಕಿಗಳಿಗೂ ಅಂತಹವು ದೊರೆಯುವಂತಾಗಬೇಕು.

ನಾಚಿಕೆಯ ಬೆಲೆ

ಮೋಸ ನಡೆದ ಮೇಲಿನ ವಿಚಾರ ಇನ್ನೂ ಮುಖ್ಯವಾದುದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯು ಗಿರಾಕಿಯ ಹೊಣೆಗೆ ಮಿತಿಯನ್ನು ಹಾಕಿತು. ಬ್ಯಾಂಕಿನದೂ ಗಿರಾಕಿಯದೂ ಅಲ್ಲದ ಬೇರೆಡೆಯ ಲೋಪದಿಂದ ಹಣ ಹೋಗಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗಿರಾಕಿಗೆ ನಷ್ಟವಿಲ್ಲ. ನಾಲ್ಕರಿಂದ ಏಳು ದಿನಗಳೊಳಗಾದರೆ ಗೊತ್ತಾದ ಮಿತಿಯವರೆಗೆ ಮಾತ್ರ ನಷ್ಟ. ಗಿರಾಕಿಯೇ ಗುಟ್ಟಿನ ಅಂಕಿಗಳನ್ನು ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವನದು. ತಿಳಿಸಿದ ಮೇಲಿನದು ಬ್ಯಾಂಕಿನದು. ಗಿರಾಕಿಯ ಹೊಣೆಯನ್ನು ಸಿದ್ಧಪಡಿಸುವ ಭಾರವೂ ಬ್ಯಾಂಕಿನ ಮೇಲೆಯೇ ಇದೆ.

ಅಂದರೆ ಯಾವ ಪಕ್ಷದಲ್ಲಿ ನೋಡಿದರೂ ಬೆಲೆಯಿರುವುದು ಸಮಯಕ್ಕೆ. ಆದರೆ ಈ ಸಮಯವನ್ನು ತಿಂದುಹಾಕುವುದು ನಾಚಿಕೆ. "ಓದಿದವನಾಗಿ ಹೀಗೆ ಮೋಸಹೋದೆನಲ್ಲ, ಮಕ್ಕಳು ಏನೆಂದಾರು, ನೆರೆಯವರು ನಕ್ಕಾರು" ಎಂದು ನಾಲ್ಕು ದಿನ ಒಳಗೊಳಗೇ ನವೆದು, ಐದನೆಯ ದಿನ ಶಾಖೆಗೆ ಬರುವವರು ಬಹಳ. ಮೊದಲ ಗಂಟೆಯಲ್ಲಿ 1930 ಎಂಬ ಸಂಖ್ಯೆಗೆ ಕರೆಮಾಡಿ ತಿಳಿಸಿದರೆ, ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ತಡೆಹಿಡಿಯುವ ಸಾಧ್ಯತೆಯಿರುತ್ತದೆ. ಊರು ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಆ ಸಾಧ್ಯತೆ ಇಲ್ಲವಾಗುತ್ತದೆ. ಹಾವು ಕಚ್ಚಿದವನನ್ನು ಯಾರೂ ಮೂದಲಿಸುತ್ತ ಕೂರುವುದಿಲ್ಲ, ಆಸ್ಪತ್ರೆಗೆ ಒಯ್ಯುತ್ತಾರೆ. ವಂಚನೆಗೆ ಒಳಗಾದವನ ವಿಷಯದಲ್ಲಿಯೂ ಮನೆಯವರು ಇದೇ ಕ್ರಮವನ್ನು ಅನುಸರಿಸಬೇಕು. ಬೈಯುವುದಿದ್ದರೆ ದೂರು ಕೊಟ್ಟು ಬಂದ ಮೇಲೆ ಬೈಯಬಹುದು.

ಮನೆಯಲ್ಲಿ ಪಾಲಿಸತಕ್ಕ ಕ್ರಮಗಳು ಕೆಲವೇ. ಮೂರು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡು ಕಾರ್ಡಿನ ಮೇಲಿರುವುದನ್ನು ಕಾಗದದ ಚಿಕ್ಕ ಪಟ್ಟಿಯಿಂದ ಮುಚ್ಚಿರಿ. ಕಾರ್ಡಿನ ಚಿತ್ರವನ್ನು ಮೊಬೈಲಿನಲ್ಲಿ ಇಟ್ಟಿದ್ದರೆ ಇಂದೇ ಅಳಿಸಿರಿ. ನಿವೃತ್ತಿಯ ಹಣವಿರುವ ಖಾತೆ ಒಂದು, ಆನ್‌ಲೈನ್ ಖರೀದಿಗೆ ಬಳಸುವ ಸಣ್ಣ ಖಾತೆ ಇನ್ನೊಂದು ಎಂದು ಬೇರೆಮಾಡಿರಿ. ಬ್ಯಾಂಕಿನ ಹೆಸರಿನಲ್ಲಿ ಕರೆ ಬಂದರೆ ಕೆಳಗಿಟ್ಟು, ಕಾರ್ಡಿನ ಹಿಂದೆ ಅಚ್ಚಾಗಿರುವ ಸಂಖ್ಯೆಗೆ ನೀವೇ ಕರೆ ಮಾಡಿರಿ.

ಕೊನೆಯದಾಗಿ ನಮ್ಮ ಸಂಘಗಳ ಹೊಣೆ. ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ಕನ್ನಡದ ರಾತ್ರಿಶಾಲೆಗಳನ್ನು ನಡೆಸಿದ ಹಿರಿಮೆ ಮುಂಬಯಿ ಕನ್ನಡಿಗರದು. ಅಕ್ಷರ ಬಾರದವನು ಪಟ್ಟಣದಲ್ಲಿ ಮೋಸಹೋಗುತ್ತಾನೆ ಎಂಬ ಅರಿವೇ ಆ ಶಾಲೆಗಳ ಹಿಂದಿತ್ತು. ಇಂದು ಆ ಹುಡುಗರು ಹಿರಿಯ ನಾಗರಿಕರಾಗಿದ್ದಾರೆ. ಅವರಿಗೆ ಬೇಕಾದ ಅಕ್ಷರ ಬೇರೆಯಾಗಿದೆ. ಸಂಘವು ನಡೆಸುವ ರಕ್ತಪರೀಕ್ಷೆ, ನೇತ್ರತಪಾಸಣೆ ಶಿಬಿರಗಳಲ್ಲಿಯೇ ಒಂದು ಮೇಜನ್ನು ಇದಕ್ಕಾಗಿ ಇಟ್ಟು, ವಿದೇಶಿ ಬಳಕೆಯನ್ನು ಮುಚ್ಚುವುದು ಹೇಗೆ, ಮಿತಿ ಹಾಕುವುದು ಹೇಗೆ ಎಂದು ಹಿರಿಯರ ಕೈಯಿಂದಲೇ ಮಾಡಿಸಿ ತೋರಿಸಬಹುದು. ನಮ್ಮ ಸಮಾಜದಲ್ಲಿ ಬ್ಯಾಂಕಿನ ಉದ್ಯೋಗಿಗಳಿಗೂ ನಿವೃತ್ತರಿಗೂ ಕೊರತೆಯಿಲ್ಲ. ಅವರಲ್ಲಿ ಇಬ್ಬರು ಮೂವರ ದೂರವಾಣಿ ಸಂಖ್ಯೆಗಳನ್ನು ಸದಸ್ಯರ ಪಟ್ಟಿಯ ಮೊದಲ ಪುಟದಲ್ಲಿ ಅಚ್ಚುಹಾಕಿಸಿ, ಮೋಸಹೋದ ಸದಸ್ಯನು ಹೊತ್ತಲ್ಲದ ಹೊತ್ತಿನಲ್ಲಿಯೂ ಕರೆಮಾಡಿ ಕನ್ನಡದಲ್ಲಿ ಹೇಳಿಕೊಂಡು ಮುಂದಿನ ಕ್ರಮವನ್ನು ತಿಳಿಯುವ ಏರ್ಪಾಡನ್ನು ಮಾಡಿದರೆ ಬಹಳ ಉಪಕಾರವಾದೀತು. ಸಂಘದ ಕಾರ್ಯಕಾರಿ ಸಮಿತಿಯು ಈ ವರ್ಷವೇ ಇದನ್ನು ಪರಿಶೀಲಿಸಬೇಕೆಂದು ನನ್ನ ವಿನಮ್ರ ಸೂಚನೆ.